ಎಳೆ ಹಿಡಿದು ಒರೆಸಿದವಳು

ಅಂಗಳಕ್ಕೆ ಬಿಸಿಲು ಬಂದಾಗ ದೊಡ್ಡಪ್ಪನನ್ನು ಎಬ್ಬಿಸಿ, ಖುರ್ಚಿಯನ್ನಷ್ಟೇ ನೆರಳಿಗೆ ಎಳೆದುಕೊಂಡು ಹೋಗುತ್ತಿದ್ದವಳು ನಮ್ಮ ದೊಡ್ಡವ್ವ. "ನೀವು ಕರ್ರಗಾದ್ರ ಏನಾಗೂದೈತಿ? ಸಾಗವಾನಿ ಸೀಳತೈತಿ" ಅನ್ನುವಳು. ಪಾಪ, ದೊಡ್ಡಪ್ಪ ನಿಂತೇ ಪೇಪರ್ ಓದುತ್ತಿದ್ದರು.

ಇಂಡಿ ಊರಿನ ಶಾಲೆಯೊಂದರಲ್ಲಿ ಟೀಚರಾಗಿ ನಿವೃತ್ತಳಾದ ಅವಳು ಕನ್ನಡಕ ಮರೆತರೂ ಬ್ಯಾಗಿನಲ್ಲಿ ಹಳೆಯ ಧೋತರದ ತುಂಡನ್ನು ಮರೆಯುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಮೇಜು ಸವರುವಳು, ಆಮೇಲೆ ಮನುಷ್ಯರನ್ನು ಮಾತಾಡಿಸುವಳು. ಒದ್ದೆ ಲೋಟ ಕಂಡರೆ ಮುಗಿಯಿತು: "ಕಟಿಗಿಗಿ ಬಾಯಿಲ್ಲಂತ ಹಿಂಗ ಮಾಡೂದಾ?"

ಇಂಥವಳನ್ನು ಅಪ್ಪ ನನಗೆ ನೋಡಿದ್ದ ಗಂಡಿನ ಮನೆಗೆಂದು ಸಿಂದಗಿಗೆ ಕರೆತಂದರು. ಹುಡುಗ ನನಗೆ ಆಗಲೇ ಹಿಡಿಸಿಬಿಟ್ಟಿದ್ದ. ದಾರಿಯುದ್ದಕ್ಕೂ "ದೊಡ್ಡವ್ವ, ಇವತ್ತೊಂದಿನ ಸುಮ್ನ ಕುಂದ್ರು" ಎಂದು ಗೋಗರೆದೆ. "ನಾ ಏನ್ ಮಾಡ್ತೇನವ್ವಾ" ಅಂದಳು.

ಚಹಾ ಬಂತು. ಅವಳು ಕುಡಿಯಲಿಲ್ಲ. ಯಾವತ್ತೋ ಬಿಸಿ ಲೋಟ ಇಟ್ಟು ಮೇಜಿನ ಮೇಲೆ ಬಳೆಯಂತೆ ಬಿದ್ದಿದ್ದ ಬಿಳಿ ಕಲೆಯನ್ನೇ ದಿಟ್ಟಿಸಿದಳು.

"ಅಕ್ಕಾರ, ಚೂರು ಊದಿನಕಡ್ಡಿ ಬೂದಿ, ನಾಕ್ ಹನಿ ಕೊಬ್ಬರಿ ಎಣ್ಣಿ ತರ್ತೀರೇನ್ರಿ?"

ಹುಡುಗನ ತಾಯಿಯ ಮುಖ ಬಿಗಿಯಿತು. ಅಪ್ಪ ಕೆಮ್ಮಿದರು. ಸಂಬಂಧ ಕೈತಪ್ಪಿತೆಂದೇ ನನಗೆ ಅಳು ಬಂತು. ದೊಡ್ಡವ್ವ ಮಾತ್ರ ನೆಲಕ್ಕೆ ಕುಂತು ಉಜ್ಜತೊಡಗಿದಳು. "ಸುತ್ತ ತಿರುಗಿಸಬಾರ್ದ್ರಿ. ಕಟಿಗಿ ಎಳಿ ಹೆಂಗ ಹೋಗೇತಿ, ಕೈನೂ ಹಂಗ ಹೋಗಬೇಕು."

ಕಲೆ ಮಾಯವಾಯಿತು. ಹುಡುಗನ ತಾಯಿ ಸರಕ್ಕನೆ ಎದ್ದು ಒಳಗೆ ಹೋದರು. ಮುನಿಸಿಕೊಂಡರು ಅಂದುಕೊಂಡರೆ, ತಮ್ಮ ಅತ್ತೆಯ ಕಾಲದ ಮಣೆ ಎತ್ತಿಕೊಂಡು ಬಂದರು. ಆಮೇಲೆ ಸ್ಟೂಲು. ಆಮೇಲೆ ತೊಟ್ಟಿಲು. ತೊಟ್ಟಿಲು ಬರುವಷ್ಟರಲ್ಲಿ ಹುಡುಗ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದ, ನಾನೂ.

"ಹುಡುಗಿನೂ ಹಿಂಗ ಒರಸ್ತಾಳೇನ್ರಿ?" ಎಂದು ಅವರು ಕೇಳಿದರು.

"ಸುಳ್ಳ್ಯಾಕ ಹೇಳ್ಲಿ? ಕುಡದ ಲೋಟಾನೂ ಎತ್ತಂಗಿಲ್ಲ. ತಿಂಗಳಿಗೊಮ್ಮೆ ನಾನ ಬರ್ತೇನಿ ತಗೋರಿ."

ಸಂಬಂಧ ಕೂಡಿತು. ಅವಳು ಪ್ರತಿ ತಿಂಗಳೂ ಬಂದಳು, ಧೋತರದ ತುಂಡು ಸಮೇತ. ಅವಳಿಗೂ ನನ್ನ ಅತ್ತೆಗೂ ಎಂಥಾ ಗೆಳೆತನವೆಂದರೆ, ನಾನು ಮನೆಯಲ್ಲಿದ್ದೇನೋ ಇಲ್ಲವೋ ಇಬ್ಬರಿಗೂ ಲಕ್ಷ್ಯವೇ ಇರುತ್ತಿರಲಿಲ್ಲ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಹನ್ನೊಂದನೆಯ ದಿನ ಇಂಡಿ ಊರಿನ ಅವಳ ಮನೆಯಲ್ಲಿ ಬಂದವರೆಲ್ಲ ಚಹಾ ಕುಡಿದರು, ಒಬ್ಬರೂ ಲೋಟವನ್ನು ಅವಳ ಮೇಜಿಗೆ ತಾಗಿಸಲಿಲ್ಲ. ದೊಡ್ಡಪ್ಪ ಮಾತ್ರ ಕಣ್ಣು ತುಂಬಿ ಏನೂ ಕಾಣದೆ ಇಟ್ಟುಬಿಟ್ಟರು. ಎತ್ತಿದರೆ ಕೆಳಗೆ ಬಿಳಿ ಕಲೆ.

ನನ್ನ ಅತ್ತೆ ಎದ್ದು, ದೊಡ್ಡವ್ವನ ಫೋಟೋ ಮುಂದೆ ಉದುರಿದ್ದ ಊದಿನಕಡ್ಡಿಯ ಬೂದಿಯನ್ನು ಬೆರಳಲ್ಲಿ ತೆಗೆದುಕೊಂಡು ಬಂದು, ಮೇಜಿನ ಪಕ್ಕ ನೆಲಕ್ಕೆ ಕುಂತರು. ಕೊಬ್ಬರಿ ಎಣ್ಣೆ ನಾನು ತಂದುಕೊಟ್ಟೆ.

"ಎಳಿ ಹಿಡದು ಒರಸ್ರಿ, ಬೀಗತೇರ. ಇಲ್ಲಾಂದ್ರ ಆಕಿ ಬೈತಾಳ" ಅಂದರು ದೊಡ್ಡಪ್ಪ. ಖುರ್ಚಿ ಖಾಲಿಯೇ ಇತ್ತು, ಅವರು ನಿಂತೇ ಇದ್ದರು.