ಬತ್ತಿಯಷ್ಟು ಉದ್ದದ ಹಾಡು

ಗೋಗಿ ಎಂಬ ಹಳ್ಳಿಯ ಹೊರಗೆ, ಕಾಲುವೆಗಾಗಿ ಬಂಡೆ ಒಡೆಯುತ್ತಿದ್ದ ಕಂದಕದ ಎಡದಂಡೆಯ ಮೇಲೆ, ನೆಲದ ಮಟ್ಟ ನೋಡುವ ದುರ್ಬೀನಿನ ಪಕ್ಕದಲ್ಲಿ ನಾನು ನಿಂತಿದ್ದೆ. ಬುಧವಾರ, ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ. ಮದ್ದು ತುಂಬಿದ ಕುಳಿ ನನ್ನಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಆಮೇಲೆ ನಾನೇ ನಡೆದು ಎಣಿಸಿದ್ದೇನೆ. ಭೋಂಗಾದಲ್ಲಿ, ಅಂದರೆ ಧ್ವನಿವರ್ಧಕದಲ್ಲಿ, ಇಂಗ್ಲಿಷ್ ಹಾಡೊಂದು ಕೂಗುತ್ತಿತ್ತು. ಆ ಹಾಡು ಮುಗಿಯುವ ಮೊದಲೇ ಬಂಡೆ ಸಿಡಿಯಿತು. ಹಾಗೆ ಆಗಬಾರದಿತ್ತು.

ಊರಿನ ಗೆಳೆಯರೇ, ನೀವು ಪತ್ರ ಬರೆದಿದ್ದೀರಿ: ಹಳೆಯ ಇಂಗ್ಲಿಷ್ ಹಾಡುಗಳಲ್ಲಿ ಮತ್ತೆ ಕೇಳಬೇಕಾದವು ಯಾವುವು, ನಿನ್ನ ಹತ್ತಿರ ರಾಶಿ ಟೇಪು ಇದ್ದವಲ್ಲ ಎಂದು. ನಾನು ಬರೆಯಬಲ್ಲದ್ದು ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲಿನ ಬಗ್ಗೆ ಮಾತ್ರ.

ಕೋಲಾರದ ಚಿನ್ನದ ಗಣಿಯ ನಮ್ಮ ಕಾರ್ಮಿಕರ ಲೈನುಗಳಲ್ಲಿ ಆ ಹಾಡುಗಳು ಯಾರಿಗೂ ವಿಚಿತ್ರವಾಗಿರಲಿಲ್ಲ. ಕ್ರಿಸ್ಮಸ್ಸಿಗೆ, ಮದುವೆಗೆ, ಸುಮ್ಮನೆ ಭಾನುವಾರಕ್ಕೆ ಗಿಟಾರು ಕೇಳುತ್ತಿತ್ತು. ಉಳಿದದ್ದಕ್ಕೆಲ್ಲ ಸೈರನ್ನು: ಪಾಳಿಗೆ ಒಂದು, ಅವಘಡಕ್ಕೆ ಇನ್ನೊಂದು. ಕಾಲುವೆ ಕೆಲಸಕ್ಕೆಂದು ಗೋಗಿಗೆ ಬಂದಾಗ ನನ್ನ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಟೇಪುಗಳೇ ಹೆಚ್ಚಿದ್ದವು.

ಇಲ್ಲಿ ಮೊದಮೊದಲು ನಾನು ಯಾರನ್ನೂ ನಂಬಲಿಲ್ಲ. ಮನೆಗಳಿಗೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಿಟಕಿ ಎಂದರೆ ಅಂಗೈಯಗಲದ ತೂತು. ಒಳಗೆ ಯಾರಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. 'ಊಟಾ ಆತೇನ್ರಿ?' ಎಂದು ಕೇಳಿದರೂ ಪೊಲೀಸರು ವಿಚಾರಿಸಿದಂತೆ ಇರುತ್ತಿತ್ತು. ರಾಗಿ ಮುದ್ದೆ ನುಂಗಿ ಬೆಳೆದವನಿಗೆ ಜೋಳದ ರೊಟ್ಟಿಯನ್ನು ಅಗಿಯುವುದೇ ಒಂದು ಕೆಲಸ. ಪುಂಡಿ ಪಲ್ಯದ ಹುಳಿ ನಾಲಿಗೆಗೆ ಹಿಡಿಸಲು ಮೂರು ತಿಂಗಳು ಬೇಕಾಯಿತು. ಅಳತೆಯ ಮಾಸ್ತರ ಎಂದು ಕರೆಯುತ್ತಿದ್ದ ಅವರೂ ನನ್ನನ್ನು ನಂಬಲಿಲ್ಲ. ಗುತ್ತಿಗೆದಾರನ ಕಿವಿ ಎಂದುಕೊಂಡಿದ್ದರು.

ಕೋಣೆ ಕೊಟ್ಟವರು ಖಾಜಾ ಮಾಮು. ಕಂದಕದಲ್ಲಿ ಮದ್ದು ತುಂಬಿ ಬತ್ತಿ ಹಚ್ಚುವ ಕೆಲಸ ಅವರದು. ಎಚ್ಚರಿಕೆ ಕೊಡಲು ಗುತ್ತಿಗೆದಾರ ಅವರಿಗೊಂದು ಪೀಪಿ ಕೊಟ್ಟಿದ್ದ. ಕಲ್ಲು ಕೊರೆಯುವ ಯಂತ್ರದ ಸದ್ದಿನಲ್ಲಿ ಅದನ್ನು ಊದಿದವರಿಗೇ ಕೇಳಿಸುತ್ತಿರಲಿಲ್ಲ. ಒಂದು ದಿನ ಊಟದ ಹೊತ್ತಿಗೆ ನಾನು ನನ್ನ ಟೇಪ್ ರಿಕಾರ್ಡರನ್ನು ಟ್ರ್ಯಾಕ್ಟರಿನ ಭೋಂಗಾಕ್ಕೆ ಸಿಕ್ಕಿಸಿ ಹಾಡು ಹಾಕಿದೆ. ಮಾಮು ತಲೆದೂಗಿದರು.

"ಇದು ಕವ್ವಾಲಿನೇ ಐತಿ ಬೇಟಾ. ಒಬ್ಬಾಂವ ಎತ್ತತಾನ, ಎಲ್ಲಾರೂ ಹಿಡೀತಾರ. ಮಂದಿ ಅಷ್ಟ ಬ್ಯಾರೆ."

ಕಲ್ಲು ಹೊರುವ ಶರಣಮ್ಮ ಬುಟ್ಟಿ ಇಳಿಸಿ ಕೇಳಿದಳು. "ಇಂವ ಯಾಕ ಹಿಂಗ ಒದರಾಕತ್ತಾನ್ರಿ ಮಾಸ್ತರ? ಹೇಣ್ತಿ ಬಿಟ್ಟು ಹೋಗ್ಯಾಳೇನು?"

"ಹೌದು. ಹಾಡಿನ ಅರ್ಥವೇ ಅದು."

"ಹೋಗ್ಲಿ ಬಿಡ್ರಿ. ಇಷ್ಟ ಒದರಾಂವನ ಸಂಗಾಟ ಯಾರು ಬಾಳೇವು ಮಾಡ್ತಾರ?"

ಆ ಹಾಡಿನ ಕೊನೆಯಲ್ಲಿ ಗಾಯಕ ಸುಮ್ಮನಾಗುತ್ತಾನೆ, ಡ್ರಮ್ಮೊಂದೇ ಬಡಿಯುತ್ತಿರುತ್ತದೆ. ಮಾಮು ಕತ್ತರಿಸುವ ಬತ್ತಿ ಉರಿದು ಮುಗಿಯಲು ಎಷ್ಟು ಹೊತ್ತು ಬೇಕೋ ಹಾಡು ಅಷ್ಟೇ ಉದ್ದವಿತ್ತು. ಇದನ್ನು ಕಂಡುಹಿಡಿದವರು ಮಾಮು. ಅಂದಿನಿಂದ ಹಾಡು ಶುರುವಾದರೆ ಬತ್ತಿ ಹೊತ್ತಿತೆಂದು ಅರ್ಥ. ಡ್ರಮ್ಮು ಶುರುವಾಗುವುದರೊಳಗೆ ಎಲ್ಲರೂ ದಂಡೆಯ ಆಚೆ ಇರಬೇಕು. ಜನ ಅದನ್ನು ನಗಾರಿ ಹಾಡು ಎಂದರು. ನನ್ನ ಹಾಡಿನಿಂದ ಐವತ್ತು ಜನ ಜೀವ ಉಳಿಸಿಕೊಳ್ಳುತ್ತಿದ್ದರು. ಊರು ಬಿಟ್ಟು ಬಂದ ಮೇಲೆ ನಾನು ಗೆದ್ದದ್ದು ಅದೊಂದೇ.

ಟೇಪಿಗೆ ಸೆಲ್ಲು ಹದಿನೈದು ದಿನಕ್ಕೊಮ್ಮೆ ಸ್ಟೋರಿನಿಂದ ಬರುತ್ತಿತ್ತು. ಸ್ಟೋರಿನವನು ಹೊಸದನ್ನು ತನ್ನ ರೇಡಿಯೊಗೆ ಹಾಕಿಕೊಂಡು ನಮಗೆ ಹಳೆಯದನ್ನು ದಾಟಿಸುತ್ತಾನೆಂದು ನನಗೆ ಗುಮಾನಿ. ಕಳ್ಳನನ್ನು ಹಿಡಿಯಬೇಕೆಂದು, ಹೊಸ ಸೆಲ್ಲು ಬಂದ ದಿನವೇ ಪ್ರತಿಯೊಂದರ ತಳಕ್ಕೂ ಮೊಳೆಯಿಂದ ಗೀಟು ಹಾಕಿದೆ.

ಆ ಬುಧವಾರಕ್ಕೆ ಎರಡು ದಿನ ಮುಂಚೆ, ಸೋಮವಾರ, ಹಾಡು ದಪ್ಪವಾಗಿ ಕೇಳಿಸಿತು. ಗಾಯಕನ ಏರುದನಿ ನೆಗಡಿಯಾದವನ ದನಿಯಂತೆ ಕೆಳಗಿಳಿದಿತ್ತು. ಅದು ದಿನಕ್ಕೆ ಕೂದಲೆಳೆಯಷ್ಟು ನಿಧಾನವಾಗುತ್ತ ಬಂದದ್ದರಿಂದ ಉಳಿದವರ ಕಿವಿ ಹೊಂದಿಕೊಂಡಿತ್ತು. ಅದರ ನಿಜವಾದ ವೇಗ ಗೊತ್ತಿದ್ದವನು ನಾನೊಬ್ಬನೇ. ಸೆಲ್ಲು ಸವೆದು ಟೇಪು ನಿಧಾನವಾದರೆ ಹಾಡು ಬತ್ತಿಗಿಂತ ಉದ್ದವಾಗುತ್ತದೆ. ಸಂಜೆ ಸೆಲ್ಲು ತೆಗೆದು ನೋಡಿದೆ. ಎಲ್ಲದರ ತಳದಲ್ಲೂ ನನ್ನ ಗೀಟೇ ಇತ್ತು.

ಸ್ಟೋರಿನವನು ಕದ್ದಿರಲಿಲ್ಲ. ಸೆಲ್ಲು ಸವೆಸಿದವನು ನಾನು. ದಿನಾ ಸಂಜೆ ಕೋಣೆಯಲ್ಲಿ ಕೂತು, ಊರು ನೆನಪಾಗಿ, ಅದೇ ಮಗ್ಗುಲನ್ನು ಎರಡೆರಡು ಸಲ ಕೇಳುತ್ತಿದ್ದೆ. ಹೊಸ ಸೆಲ್ಲು ಕೇಳಿದರೆ ಹಳೆಯದು ಇಷ್ಟು ಬೇಗ ಯಾಕೆ ಮುಗಿಯಿತು ಎನ್ನುತ್ತಾರೆ. ಹದಿನೈದು ದಿನಕ್ಕೆ ಇನ್ನು ಮೂರೇ ದಿನ ಬಾಕಿ ಎಂದು ಸುಮ್ಮನಿದ್ದೆ.

ಬುಧವಾರ ಶರಣಮ್ಮ ಅರ್ಧ ದಾರಿ ಹತ್ತಿದವಳು ತಿರುಗಿ ಕಂದಕಕ್ಕೆ ಇಳಿದಳು. ತಲೆಯ ಮೇಲಿಡುವ ಸಿಂಬಿ ಕೆಳಗೆ ಬಿದ್ದಿತ್ತು. ನಾನು ಕೂಗಿದೆ.

"ಶರಣಮ್ಮ, ಮೇಲೆ ಬನ್ನಿ! ಹೊತ್ತಿಲ್ಲ!"

"ನಗಾರಿ ಇನ್ನಾ ಬಡದಿಲ್ರಿ ಮಾಸ್ತರ! ಅಷ್ಟ್ಯಾಕ ಅಂಜತೀರಿ, ಗಂಡ್ಸರು?"

ಅವಳು ನನಗಿಂತ ಹಾಡನ್ನು ನಂಬಿದ್ದಳು. ಹಾಡು ಸರಿಯಿಲ್ಲ ಎಂದು ನಾನು ಇನ್ನೊಮ್ಮೆ ಕೂಗಬಹುದಿತ್ತು. ಬಾಯಿ ತೆರೆದೆ. ಆಗ ಬಂಡೆ ಸಿಡಿಯಿತು. ಧೂಳು ಇಳಿಯುತ್ತಿರುವಾಗ ಭೋಂಗಾದಲ್ಲಿ ಡ್ರಮ್ಮು ಶುರುವಾಯಿತು.

ಅವಳ ಎಡಗೈ ಮೊಣಕೈಯ ಕೆಳಗೆ ಮುರಿದಿತ್ತು. ಅದು ಮತ್ತೆ ನೆಟ್ಟಗಾಗಲಿಲ್ಲ.

ವಿಚಾರಣೆ ತಗಡಿನ ಶೆಡ್ಡಿನಲ್ಲಿ ನಡೆಯಿತು. ಗುತ್ತಿಗೆದಾರನ ಮನುಷ್ಯ ಬತ್ತಿ ಯಾಕೆ ಗಿಡ್ಡ ಕತ್ತರಿಸಿದೆ ಎಂದು ಮಾಮುವನ್ನು ಕೇಳಿದ.

"ಗಿಡ್ಡ ಇಲ್ಲ ಸಾಬ್. ದಿನದ ಅಳತಿನೇ. ಹಾಡು ತಡಾ ಆತು."

"ಹಾಡು ತಡವಾಯಿತು ಅಂತ ಬರೆಯಲೇನು?" ಎಂದು ಅವನು ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. "ಸೆಲ್ಲು ಎಲ್ಲಿಂದ ಬರುತ್ತದೆ?"

"ಸ್ಟೋರಿನಿಂದ, ಸರ್."

ಅದು ನಿಜ. ಟೇಪಿನಿಂದ ತೆಗೆದ, ಗೀಟು ಹಾಕಿದ ಸೆಲ್ಲುಗಳು ಆಗ ನನ್ನ ಪ್ಯಾಂಟಿನ ಜೇಬಿನಲ್ಲಿದ್ದವು. ಅವನ್ನು ಹೊರಗೆ ತೆಗೆಯಲಿಲ್ಲ. ಬತ್ತಿ ಗಿಡ್ಡವಿತ್ತು ಎಂದು ಬರೆದುಕೊಂಡರು. ಮದ್ದಿನ ಕೆಲಸ ತಪ್ಪಿಸಿ, ಮಾಮುವನ್ನು ಕಲ್ಲು ಹೊರುವ ಸಾಲಿಗೆ ಹಾಕಿದರು. ಗೋಗಿಯಲ್ಲಿ ಅವರ ಹೆಸರು 'ಗಿಡ್ಡ ಬತ್ತಿ ಖಾಜಾ' ಎಂದಾಯಿತು.

ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದು ಗೋಡೆ. ದಿನಾ ಸಂಜೆಯ ಹಾಡು ಅವರಿಗೆ ಕೇಳಿಸುತ್ತಲೇ ಇತ್ತು. ಶೆಡ್ಡಿನಲ್ಲಿ ಅವರು ಅದನ್ನು ಹೇಳಲಿಲ್ಲ. ಅಂದು ಸಂಜೆಯೂ ಅವರ ಮನೆಯಿಂದ ರೊಟ್ಟಿ ಬಂತು. ಇದು ಕನಿಕರವೋ ಶಿಕ್ಷೆಯೋ ಎಂದು ವರ್ಷಗಟ್ಟಲೆ ಆ ರೊಟ್ಟಿಯನ್ನು ಸಂಶಯದಿಂದಲೇ ಮುರಿದಿದ್ದೇನೆ.

ಕಾಲುವೆಗೆ ನೀರು ಬಂತು, ಜೋಳದ ಹೊಲಗಳಲ್ಲಿ ಭತ್ತ ನಿಂತಿತು. ನಾನು ಊರಿಗೆ ಮರಳಲಿಲ್ಲ. ಅಲ್ಲಿಗೆ ಹೋದರೆ ನನ್ನ ಮಾತು ಕೇಳಿ ಯಾವ ಸೀಮೆಯವರು ಎನ್ನುತ್ತೀರಿ. ಇಲ್ಲಿ ಇವತ್ತಿಗೂ ನಾನು ಕೋಲಾರದ ಮಾಸ್ತರ. ನೀವು ಕೇಳಿದ ಹಾಡುಗಳು ಒಳ್ಳೆಯವೇ, ಕೇಳಿ. ಆದರೆ ಹಳೆಯ ಹಾಡು ಮೊದಲಿನಂತೆಯೇ ಇದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಸೆಲ್ಲು ತೆಗೆದು ನೋಡುತ್ತೇನೆ.

ಇಷ್ಟನ್ನೂ ಕಳಿಸುವ ಮೊದಲು ಮಾಮುವಿಗೆ ಓದಿ ಹೇಳಿದೆ.

"ನನಗ ಗೊತ್ತಿತ್ತು ಬೇಟಾ. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ. ಮುದುಕ ಆಗಿಬಿಟ್ಟೆ, ನೋಡು." ಆಮೇಲೆ ಹಾಳೆಯ ಮೇಲೆ ಬೆರಳಿಟ್ಟರು. "ಇಲ್ಲಿ ನನ್ನ ಹೆಸರು ಪೂರಾ ಬರಿ. ಬತ್ತಿ ಸರಿ ಇತ್ತು ಅಂತನೂ ಬರಿ."

ಬತ್ತಿ ಸರಿಯಾಗಿತ್ತು. ಅಂದು ಅಲ್ಲಿದ್ದವರು ಇನ್ನೂ ಇದ್ದಾರೆ: ಗೋಗಿಯ ಶರಣಮ್ಮ, ಮತ್ತು ಬತ್ತಿ ಕತ್ತರಿಸಿದ ಖಾಜಾ ಹುಸೇನ.