ಒದ್ದೆ ಬೈರಾಸು ಸುತ್ತಿದ ಬಾಟಲಿ

ಕಳೆದ ವಾರ ಕರೆಂಟು ಹೋಗಿ ಫ್ರಿಜ್ ನಿಂತಾಗ ನನ್ನ ಸೊಸೆ ನೀರಿನ ಬಾಟಲಿಗೆ ಮೈ ಒರೆಸುವ ಬೈರಾಸನ್ನು ಒದ್ದೆ ಮಾಡಿ ಸುತ್ತಿ ಕಿಟಕಿಯಲ್ಲಿಟ್ಟಳು. ಗಾಳಿಗೆ ಆರುತ್ತಿದ್ದ ಹತ್ತಿಬಟ್ಟೆಯ ಹಸಿ ವಾಸನೆ ಮೂಗಿಗೆ ಬಿದ್ದದ್ದೇ ತಡ, ದೋಹಾದ ಅಲ್ ಹಿಲಾಲಿನ ನಮ್ಮ ಬಾಡಿಗೆ ಮನೆ, ಪಕ್ಕದ ಬಾಗಿಲಿನ ಪೊರ್ಬುಗಳು, ನಾನು ಬರೆದ ಒಂದು ಪತ್ರ... ಎಲ್ಲವೂ ಎದುರು ಬಂದು ನಿಂತವು.

ನಮ್ಮ ಕರಾವಳಿಯಲ್ಲಿ ಕ್ರೈಸ್ತರನ್ನು ಪೊರ್ಬುಗಳೆಂದು ಕರೆಯುವುದು ರೂಢಿ. ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅವರನ್ನೂ ನಾನು ಕೊನೆಯವರೆಗೆ ಗೌರವದಿಂದ ಹಾಗೆಯೇ ಕರೆದೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಅವರು ಒಂದು ದೊಡ್ಡ ಹೋಟೆಲಿನಲ್ಲಿ ವಿದೇಶಿ ಅತಿಥಿಗಳಿಗೆ ಫ್ರಾನ್ಸಿನ ಕೆಂಪು ವೈನ್ ಬಡಿಸುತ್ತಿದ್ದರು. ನಾನು ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಉಷ್ಣಮಾಪಕಗಳನ್ನು ಪರೀಕ್ಷಿಸುವ ತಂತ್ರಜ್ಞ. ಹತ್ತನೆಯ ತರಗತಿಯ ನಂತರದ ನನ್ನ ವಿದ್ಯೆಯೆಲ್ಲ ಹಳೆಯ ಪುಸ್ತಕಗಳಿಂದ ಬಂದದ್ದು. ಅವರು ತಮಾಷೆಗೆ ನನ್ನನ್ನು 'ಇಂಜಿನಿಯರ್ರೇ' ಎನ್ನುತ್ತಿದ್ದರು.

ಅವರು ಬಾಟಲಿ ಕದ್ದು ಕುಡಿದು ಸಿಕ್ಕಿಬಿದ್ದರೆಂದು ಗಲ್ಫಿನಿಂದ ಮರಳಿದ ನಮ್ಮವರು ಇಂದಿಗೂ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ನಾನಿದ್ದೆ.

ಅವರು ವೈನನ್ನು ಕುಡಿದದ್ದನ್ನು ನಾನು ಕಂಡಿಲ್ಲ. ಬಿಳಿ ಬಟ್ಟೆಯ ಮುಂದೆ ಗ್ಲಾಸನ್ನು ವಾಲಿಸಿ ಬಣ್ಣ ನೋಡುವುದು, ಮೂಸುವುದು, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ ಉಗುಳುವುದು, ಇಷ್ಟೇ ತಮ್ಮ ಕೆಲಸವೆಂದು ಅವರು ಹಾಲಿಲ್ಲದ ಕಟ್ಟನ್‌ಚಾಯ ಹಿಡಿದು ನನಗೆ ಅಭಿನಯಿಸಿ ತೋರಿಸಿದ್ದರು. ದ್ರಾಕ್ಷಿಯ ಸಿಪ್ಪೆಯನ್ನು ರಸದೊಂದಿಗೇ ಹುಳಿಯಲು ಬಿಡುವುದರಿಂದ ಕೆಂಪು ಬರುತ್ತದೆ, ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಡುತ್ತಾರೆ ಎಂದು ವಿವರಿಸಿ, "ನಮ್ಮ ಅಮ್ಮನ ಕ್ರಿಸ್ಮಸ್ ವೈನಿಗೆ ಸಕ್ಕರೆ ಜಾಸ್ತಿ, ಆಯುಷ್ಯ ಕಮ್ಮಿ. ಜನವರಿಗೆ ಖಲಾಸ್!" ಎಂದು ನಕ್ಕಿದ್ದರು.

ಒಂದು ಮೇ ತಿಂಗಳ ಮಧ್ಯಾಹ್ನ ಹೋಟೆಲಿನ ಊಟದ ಹಾಲಿನಲ್ಲಿ ಏಸಿ ಕೆಟ್ಟಿತು. ಫ್ರೆಂಚ್ ಅತಿಥಿಗಳು ಬರುವವರಿದ್ದರು. ಪೊರ್ಬುಗಳು ಊರಿನಲ್ಲಿ ಮಾಡುವಂತೆ ಒದ್ದೆ ಬಟ್ಟೆಯನ್ನು ಬಾಟಲಿಗಳಿಗೆ ಸುತ್ತಿ ಫ್ಯಾನಿನ ಕೆಳಗಿಟ್ಟರು. ಮಂಜುಗಡ್ಡೆಯಲ್ಲಿಟ್ಟರೆ ಒಮ್ಮೆಲೇ ತಣ್ಣಗಾಗಿ ಪರಿಮಳ ಮುಚ್ಚಿಹೋಗುತ್ತದೆ, ಬಿಸಿಯಾದರೆ ಬರಿಯ ಸಾರಾಯಿಯ ಘಾಟು ಎಂಬುದು ಅವರ ಅನುಭವ. ಅತಿಥಿಗಳು ಮೆಚ್ಚಿ ಕುಡಿದರು. ಆದರೆ ಹೊಸ ಮ್ಯಾನೇಜರ್ ಆ ಬಟ್ಟೆಗಳನ್ನು ಕಂಡು, ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಬಡಿಸಬೇಕೆಂಬುದೂ ತಿಳಿಯದವನೆಂದು ಎಲ್ಲರೆದುರು ಜರೆದು, ಅವರನ್ನು ಬೆಳಗಿನ ಚಹಾದ ಮೇಜಿಗೆ ಹಾಕಿದ.

ನನಗೆ ಮೈಯೆಲ್ಲ ಉರಿಯಿತು. ಕೋಣೆಯೆಂದರೆ ಯಾರ ಕೋಣೆ? ಆ ನಿಯಮ ಹುಟ್ಟಿದ್ದು ಚಳಿದೇಶದ ಕಲ್ಲಿನ ಮನೆಗಳಲ್ಲಿ. ಅದನ್ನು ದೋಹಾದ ಮೇ ತಿಂಗಳಿಗೆ ತಂದು ಅಂಟಿಸಿದವರು ಒಮ್ಮೆಯಾದರೂ ಉಷ್ಣಮಾಪಕವನ್ನು ನೋಡಿದ್ದರೇ?

"ಬಿಡಿ ಇಂಜಿನಿಯರ್ರೇ. ಎರಡು ತಿಂಗಳಲ್ಲಿ ಅವನಿಗೇ ಗೊತ್ತಾಗ್ತದೆ. ನನ್ನ ಕೈ ಇಲ್ಲದೆ ಆ ಕಾರ್ಕು ತೆಗೆಯುವವರು ಯಾರಿದ್ದಾರೆ ಅಲ್ಲಿ?" ಎಂದರು ಪೊರ್ಬುಗಳು. ಆದರೆ ಕಾರ್ಕು ತೆಗೆಯುವ ತಿರುಪನ್ನು ಅವರು ಚಹಾದ ಮೇಜಿಗೂ ಕಿಸೆಯಲ್ಲಿ ಒಯ್ಯುತ್ತಿದ್ದುದು ನನಗೆ ಗೊತ್ತಿತ್ತು. ಅವರಿಗೆ ಬೇಕಿದ್ದುದು ಆ ಕೆಲಸವೊಂದೇ.

"ಅಳೆದು ತೋರಿಸೋಣ. ಅದೇ ನಮೂನೆಯ ಒಂದು ಖಾಲಿ ಬಾಟಲಿ ತನ್ನಿ," ಎಂದೆ.

"ಈ ದೇಶದಲ್ಲಿ ಖಾಲಿ ವೈನ್ ಬಾಟಲಿಯೂ ಹೋಟೆಲಿನ ಗೇಟು ದಾಟಬಾರದು ಮಾರಾಯ್ರೇ. ಒಡೆಯುವವರೆಗೆ ಎದುರು ನಿಂತು ನೋಡ್ತಾರೆ."

"ನಿಮಗೆ ನಿಮ್ಮ ಕೆಲಸದ ಮೇಲೆ ನಂಬಿಕೆ ಇಲ್ಲವೇ?" ಎಂದು ಕೆಣಕಿದೆ. ಮುಂದಿನ ಶುಕ್ರವಾರ ಅವರು ಅಂಗಿಯೊಳಗೆ ಮರೆಸಿ ತಂದರು.

ನೀರು ತುಂಬಿಸಿ, ನನ್ನದೇ ಬೈರಾಸನ್ನು ಒದ್ದೆ ಮಾಡಿ ಸುತ್ತಿ, ಶಮಾಲ್ ಎಂಬ ಮರುಭೂಮಿಯ ಒಣಗಾಳಿ ಬೀಸುತ್ತಿದ್ದ ಬಾಲ್ಕನಿಯ ನೆರಳಿನಲ್ಲಿಟ್ಟೆವು. ಮೂವತ್ತಮೂರು ಡಿಗ್ರಿಯಿದ್ದ ನೀರು ನಿಧಾನವಾಗಿ ಇಪ್ಪತ್ತೆರಡಕ್ಕೆ ಇಳಿಯಿತು. ಪೊರ್ಬುಗಳು ಚಪ್ಪಾಳೆ ತಟ್ಟಿ, ಆ ನೀರನ್ನೇ ಎರಡು ಗ್ಲಾಸಿಗೆ ಬಗ್ಗಿಸಿ, ಕೊನೆಯ ಹನಿ ಮೇಜಿಗೆ ಬೀಳದಂತೆ ಬಾಟಲಿಯ ಕತ್ತನ್ನು ಮೆಲ್ಲಗೆ ತಿರುಗಿಸಿದರು. ಅವರು ಬಡಿಸುವುದನ್ನು ನಾನು ಕಂಡದ್ದು ಅದೊಂದೇ ಸಲ.

ಅವರನ್ನು ಕೇಳದೆಯೇ ಮ್ಯಾನೇಜರಿಗೆ ಎರಡು ಪುಟದ ಪತ್ರ ಬರೆದೆ. ಎಲ್ಲ ಅಂಕೆಗಳನ್ನೂ ಕೊಟ್ಟೆ. ಗಾಜಿನ ದಪ್ಪ ಬೇರೆಯಿತ್ತೆಂದು ಯಾರೂ ತಕರಾರು ತೆಗೆಯಬಾರದೆಂದು ಒಂದು ವಾಕ್ಯವನ್ನೂ ಸೇರಿಸಿದೆ: ಈ ಪ್ರಯೋಗಕ್ಕೆ ನಿಮ್ಮ ಹೋಟೆಲಿನ ಬಾಟಲಿಯನ್ನೇ ಬಳಸಲಾಗಿದೆ.

ಮೂರನೆಯ ದಿನ ಪೊರ್ಬುಗಳು ನನ್ನ ಪತ್ರವನ್ನೇ ಹಿಡಿದು ಬಂದರು. ಅಂಕೆಗಳ ಮೇಲೆ ಯಾರ ಕಣ್ಣೂ ಬಿದ್ದಂತಿರಲಿಲ್ಲ. ಆ ಒಂದು ವಾಕ್ಯದ ಕೆಳಗೆ ಮಾತ್ರ ಕೆಂಪು ಗೆರೆ.

"ಊರಿಗೆ ಕಳಿಸ್ತಾರಂತೆ," ಎಂದರು. ನಾನು ಪತ್ರವನ್ನು ಕೈಗೆ ತೆಗೆದುಕೊಂಡೆ. ಅವರು ಮತ್ತೆ ಹೇಳಿದರು, "ನೀವು ಬರೆದದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ ಇಂಜಿನಿಯರ್ರೇ. ಅದೇ ತೊಂದರೆ ಆದದ್ದು ನೋಡಿ."

ಬೈದಿದ್ದರೆ ಒಳ್ಳೆಯದಿತ್ತು... ಹದಿನೈದು ದಿನಗಳೊಳಗೆ ಪಕ್ಕದ ಬಾಗಿಲಿಗೆ ಬೀಗ ಬಿತ್ತು. ಊರಿನಲ್ಲಿ ಅವರಿಗೆ ಆ ಕೆಲಸ ಮತ್ತೆ ಸಿಗಲಿಲ್ಲವೆಂದು ಕೇಳಿದೆ. ನಾನು ಮರಳುವಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಹೋದ ತಿಂಗಳು ಒಂದು ಮದುವೆಯಲ್ಲಿ ದೋಹಾದ ಹಳಬನೊಬ್ಬ ಮತ್ತೆ ಅದೇ ಕಥೆ ತೆಗೆದ. ಅದು ಖಾಲಿ ಬಾಟಲಿ, ಅದರಲ್ಲಿದ್ದದ್ದು ನೀರು, ತರಿಸಿದವನು ನಾನು ಎಂದು ಊಟದ ಪಂಕ್ತಿಯಲ್ಲೇ ದನಿಯೇರಿಸಿ ಹೇಳಿದೆ. ಆತ ಎಲೆಯಿಂದ ತಲೆಯೆತ್ತದೆ, "ಆದರೂ ಬಾಟಲಿ ಹೊರಗೆ ತಂದದ್ದು ಹೌದಲ್ಲ ಮಾರಾಯ್ರೇ?" ಎಂದ. ಹೌದೆನ್ನದೆ ವಿಧಿಯಿರಲಿಲ್ಲ.

ಆ ಪತ್ರದ ನಕಲು ಇನ್ನೂ ನನ್ನ ಬಳಿ ಇದೆ. ಕಳೆದ ವಾರ ಕರೆಂಟು ಹೋದ ದಿನ ಸೊಸೆಯಿಟ್ಟ ಬಾಟಲಿಯ ಪಕ್ಕ ಕುಳಿತು ಮತ್ತೊಮ್ಮೆ ಓದಿದೆ. ಆ ವಾಕ್ಯವಿಲ್ಲದೆಯೂ ಲೆಕ್ಕಾಚಾರ ಪೂರ್ತಿಯಾಗಿಯೇ ಇತ್ತು. ಓದಿ ಮುಗಿಸುವಷ್ಟರಲ್ಲಿ ಬೈರಾಸು ಒಣಗಿತ್ತು, ನೀರು ತಣ್ಣಗಿತ್ತು. ಒಂದು ಗ್ಲಾಸಿಗೆ ಬಗ್ಗಿಸಿ, ಅವರು ಮಾಡಿದಂತೆ ಬಾಟಲಿಯ ಕತ್ತನ್ನು ತಿರುಗಿಸಿ ನೋಡಿದೆ. ಹನಿ ಮೇಜಿನ ಮೇಲೆಯೇ ಬಿತ್ತು.