ಸೊಸೆ ಅಂದ ‘ರೂಡ್’

ನಮ್ಮ ಬೀದಿಯ ಎಕ್ಸ್‌ರೇ ಯಜಮಾನರು ನಾಲ್ಕೇ ಮಾತಿನಲ್ಲಿ ಬದುಕು ತೂಗಿಸಿದವರು. “ನಿಲ್ಲಿ. ಗದ್ದ ಮೇಲೆ. ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.” ಇಷ್ಟು ಹೇಳಿ ಸೀಸದ ಗೋಡೆಯ ಹಿಂದೆ ಸರಿದರೆ ಆಸ್ಪತ್ರೆಯ ಕೆಲಸ ಮುಗಿಯಿತು. ರೋಗಿ ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಚಿತ್ರ ತೆಗೆದಾಗಿರುತ್ತಿತ್ತು. ಮನೆಯಲ್ಲೂ ಅದೇ ಧಾಟಿ: “ನೀರು. ಟವೆಲ್. ಫ್ಯಾನ್ ಆರಿಸು.” ಹೆಂಡತಿ ಇದ್ದಷ್ಟು ದಿನ ಅದನ್ನು ಗಾಂಭೀರ್ಯ ಎಂದು ಎಲ್ಲರಿಗೂ ಹೇಳಿ ಗಂಡನ ಮಾನ ಕಾಪಾಡಿದ್ದರು.

ಅವರು ತೀರಿಕೊಂಡ ಮೇಲೆ ಒಂದು ಬೆಳಗ್ಗೆ, ಸೊಸೆ ಅಡುಗೆಮನೆಯಿಂದ ತವರಿಗೆ ಫೋನಿನಲ್ಲಿ ಹೇಳುತ್ತಿದ್ದುದು ಯಜಮಾನರ ಕಿವಿಗೆ ಬಿತ್ತು. “ಮಾವ ತುಂಬಾ ರೂಡ್ ಅಮ್ಮ. ಹೀಗೇ ಆದ್ರೆ ಮಗೂನ ಕರ್ಕೊಂಡು ಬೇರೆ ಮನೆ ಮಾಡ್ತೀವಿ.”

ಮೊಮ್ಮಗಳಿಲ್ಲದ ಮನೆಯನ್ನು ನೆನೆದು ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಆ ಪದದ ತೂಕವೆಷ್ಟೆಂದು ತಿಳಿಯಲು ಎದುರುಮನೆಯ ನಿವೃತ್ತ ಇಂಗ್ಲಿಷ್ ಮೇಷ್ಟ್ರ ಬಾಗಿಲು ತಟ್ಟಿದರು. ಇಂಥ ಪ್ರಶ್ನೆಗೇ ವರ್ಷಗಟ್ಟಲೆ ಕಾದು ಕೂತಿದ್ದ ಮೇಷ್ಟ್ರು ಕನ್ನಡಕ ಒರೆಸಿದರು.

“ಒರಟು ಅನ್ನಬಹುದು. ಅಸಭ್ಯ ಅನ್ನಬಹುದು. ಉದ್ಧಟ ಅಂತಲೂ ಇದೆ. ಇನ್ನು ಪ್ರಯೋಗ ಹೇಗೆ ಅಂದ್ರೆ...”

“ಬೈಗುಳಾನಾ ಮೇಷ್ಟ್ರೇ?”

“ಮಧ್ಯೆ ಬಾಯಿ ಹಾಕಬೇಡ್ರೀ. ನನ್ನ ಕ್ಲಾಸಲ್ಲಿ ಯಾರೂ ತುಟಿ ಬಿಚ್ತಿರಲಿಲ್ಲ.”

ಯಜಮಾನರು ‘ಒರಟು’ ಒಂದನ್ನೇ ಗಟ್ಟಿಮಾಡಿಕೊಂಡು ಬಂದು ನಯವಾಗಲು ಹೊರಟರು. “ಅಮ್ಮಾ, ನಿನಗೇನೂ ತೊಂದರೆ ಇಲ್ಲ ಅಂದ್ರೆ, ದಯವಿಟ್ಟು ಒಂದು ಲೋಟ ನೀರು ಕೊಡ್ತೀಯಾ” ಎಂದು ಹೇಳಿ ಎಂದಿನಂತೆ ಕೋಣೆಗೆ ನಡೆದರು. ಸೊಸೆಗೆ ಅದು ವ್ಯಂಗ್ಯವಾಗಿ ಕುಟುಕಿದಂತಾಯಿತು. ಆಸ್ಪತ್ರೆಯಲ್ಲಂತೂ ಅವರ ವಿನಯ ಮುಗಿಯುವ ಮೊದಲೇ ಮುದುಕರೊಬ್ಬರು ಹಿಡಿದ ಉಸಿರು ಬಿಟ್ಟುಬಿಟ್ಟರು. ಚಿತ್ರ ಮಸುಕಾಗಿ, ಡಾಕ್ಟರ ಕೈಲಿ ಉಗಿಸಿಕೊಂಡದ್ದಾಯಿತು.

ದಿನಗಳು ಕಳೆದರೂ ಮನೆಯಲ್ಲಿ ಬಿಗುವು ಸಡಿಲಲಿಲ್ಲ. ಕೊನೆಗೆ ಸೊಸೆ ಬಟ್ಟೆ ಮಡಿಸುತ್ತಿದ್ದಾಗ ಅವಳನ್ನೇ ಕೇಳಿದರು.

“ಅವತ್ತು ಫೋನಲ್ಲಿ ನನ್ನ ರೂಡ್ ಅಂದ್ಯಲ್ಲ. ಹಾಗಂದ್ರೆ ಏನಮ್ಮ?”

ಅವಳ ಕೈ ನಿಂತಿತು. “ದನಿ ಜೋರು ಅಂತ ಅಲ್ಲ ಮಾವ. ನಮ್ಮಪ್ಪನ ದನಿ ಇನ್ನೂ ಜೋರು. ನೀವು ಹೇಳ್ತೀರಿ, ಹೊರಟುಹೋಗ್ತೀರಿ. ನಾನು ಹೂಂ ಅಂದ್ನಾ, ಉಹೂಂ ಅಂದ್ನಾ, ಕೇಳೋಕೆ ನಿಂತಿದ್ದುಂಟಾ? ಅತ್ತೆ ಹೋದ ದಿನ ನಾನೂ ಅಳ್ತಾ ಕೂತಿದ್ದೆ. ‘ಬಂದೋರಿಗೆ ಕುರ್ಚಿ ಹಾಕು’ ಅಂದು ಹೋದ್ರಿ.”

ಅಭ್ಯಾಸಬಲದಿಂದ ಅವರ ಕಾಲು ಬಾಗಿಲ ಕಡೆ ತಿರುಗಿತು. ಕಷ್ಟಪಟ್ಟು ನಿಲ್ಲಿಸಿಕೊಂಡರು. ಅವಳು ಹೇಳುತ್ತಲೇ ಹೋದಳು, ಅವರು ಪೂರ್ತಿ ಕೇಳಿಸಿಕೊಂಡರು. ಬೇರೆ ಮನೆಯ ಬೀಗದ ಕೈ ಮೊನ್ನೆಯೇ ಸಿಕ್ಕಿದೆ ಎಂಬ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ.